ಹಾಡುಗಾರನಿಗೂ ವಯಸ್ಸಾಗಲಿ ಬಿಡಿ

ಪತ್ರ: "ಸಂಪಾದಕರೇ, ಎಂಬತ್ತರ ದಶಕದಲ್ಲಿ ಬೆಳಗಾವಿಯಲ್ಲಿ ಕಾಲೇಜು ಓದಿದವನು ನಾನು. ಆಗಿನಿಂದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅಭಿಮಾನಿ. 1973ರಿಂದ 1984ರವರೆಗೆ ಬಂದ ಏಳು ಆಲ್ಬಂಗಳಲ್ಲಿ 'ನೆಬ್ರಾಸ್ಕಾ' ಒಂದನ್ನು ಬಿಟ್ಟರೆ ಉಳಿದ ಆರೂ ಚಿನ್ನ. ಆಮೇಲೆ ಆ ಮನುಷ್ಯ ದನಿ ತಗ್ಗಿಸಿದ, ಬ್ಯಾಂಡ್ ಬಿಟ್ಟ, ಈಗ ಮುಪ್ಪು, ಸಾವು ಅಂತ ಹಾಡುತ್ತಾನೆ. 1984ಕ್ಕೇ ನಿಲ್ಲಿಸಿದ್ದರೆ ದೇವರಾಗಿ ಉಳಿಯುತ್ತಿದ್ದ. ನೀವೇನಂತೀರಿ?" — ಬನಹಟ್ಟಿಯ ಹಳೆಯ ಓದುಗರೊಬ್ಬರು

ಉತ್ತರ: ಸರ್, ನಿಮ್ಮ ಪತ್ರ ಓದಿ ಮೊದಲು ಖುಷಿಯಾಯಿತು. ಬನಹಟ್ಟಿಯಲ್ಲಿ ಮಗ್ಗಗಳ ಸದ್ದಿನ ನಡುವೆ ಕೂತು ನ್ಯೂಜೆರ್ಸಿಯ ರಾಕ್ ಗಾಯಕನ ಬಗ್ಗೆ ಪುಟಗಟ್ಟಲೆ ಬರೆಯುವವರು ನಮ್ಮ ಓದುಗರಲ್ಲಿದ್ದಾರೆ ಅನ್ನುವುದೇ ನನಗೆ ಹೆಮ್ಮೆ. ಎರಡನೇ ಸಲ ಓದಿದಾಗ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನೀವು ಹೇಳಿದ್ದರಲ್ಲಿ ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. 1975ರ 'ಬಾರ್ನ್ ಟು ರನ್' ದೊಡ್ಡ ಆಲ್ಬಂ. ಆ ಹೆಸರಿನ ಹಾಡೊಂದನ್ನೇ ರೆಕಾರ್ಡ್ ಮಾಡಲು ಆರು ತಿಂಗಳು ಹಿಡಿಯಿತು, ಆ ಹಟ ಕಿವಿಗೆ ಕೇಳಿಸುತ್ತದೆ. ಅವನ ಬ್ಯಾಂಡಿನ ಕ್ಲಾರೆನ್ಸ್ ಕ್ಲೆಮನ್ಸ್ ಸ್ಯಾಕ್ಸೊಫೋನ್ ಊದಿದರೆ ಈಗಲೂ ಮೈ ಜುಂ ಎನ್ನುತ್ತದೆ. 1992ರಲ್ಲಿ ಒಂದೇ ದಿನ ಬಂದ ಎರಡು ಆಲ್ಬಂಗಳನ್ನು ನಾನೂ ಹೆಚ್ಚು ಕೇಳುವುದಿಲ್ಲ. ಆಯ್ತಾ? ಇನ್ನು ನನ್ನ ಮಾತು ಕೇಳಿ.

ನೀವು ಚಿನ್ನದ ಪಟ್ಟಿಯಿಂದ ತೆಗೆದು ಹಾಕಿದ 'ನೆಬ್ರಾಸ್ಕಾ' ಹೇಗೆ ಹುಟ್ಟಿತು ಗೊತ್ತಲ್ವಾ? 1982ರ ಆರಂಭದ ಚಳಿಗಾಲ. ಬಾಡಿಗೆ ಮನೆಯ ಮಲಗುವ ಕೋಣೆ. ಸಾಮಾನ್ಯ ಕ್ಯಾಸೆಟ್ ಹಾಕಿ ನಾಲ್ಕು ಟ್ರ್ಯಾಕ್ ರೆಕಾರ್ಡ್ ಮಾಡುವ ಒಂದು ಟಿಯಾಕ್ ಯಂತ್ರ. ಗಿಟಾರ್, ಮೌತ್ ಆರ್ಗನ್, ಒಬ್ಬನೇ ಮನುಷ್ಯ. ಬ್ಯಾಂಡಿನವರಿಗೆ ಹಾಡು ಕಲಿಸಲು ಮಾಡಿಕೊಂಡ ನಮೂನೆ ಅದು, ಅಷ್ಟೇ. ಆ ಕ್ಯಾಸೆಟ್ಟನ್ನು ಡಬ್ಬಿ ಕೂಡ ಇಲ್ಲದೆ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ. ಆಮೇಲೆ ಸ್ಟುಡಿಯೋದಲ್ಲಿ ಪೂರ್ತಿ ಬ್ಯಾಂಡ್ ಕೂಡಿಸಿ ಅದೇ ಹಾಡುಗಳನ್ನು ನುಡಿಸಿ ನೋಡಿದರೆ ಜೀವವೇ ಇಲ್ಲ. ಕೊನೆಗೆ ಜೇಬಿನಲ್ಲಿದ್ದ ಕ್ಯಾಸೆಟ್ಟನ್ನೇ ಆಲ್ಬಂ ಮಾಡಿ 1982ರ ಸೆಪ್ಟೆಂಬರ್ 30ರಂದು ಹೊರಗೆ ಬಿಟ್ಟ. ಅದಕ್ಕಾಗಿ ಪ್ರವಾಸ ಹೋಗಲಿಲ್ಲ. ಆ ಹೊತ್ತಿಗೆ ಅವನಿಗೆ 33 ವರ್ಷ ತುಂಬಿತ್ತು. ಹಿಂದಿನ ಆಲ್ಬಂ 'ದಿ ರಿವರ್' ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಗಿತ್ತು. ದುಡ್ಡು, ಹೆಸರು ಎರಡೂ ಬಾಗಿಲಿಗೆ ಬಂದು ನಿಂತಿರುವಾಗ ಕೊಲೆಗಾರರು, ಕೆಲಸ ಕಳೆದುಕೊಂಡವರು, ಅಪ್ಪನ ಮನೆ ಬಾಗಿಲು ತಟ್ಟುವ ಮಗ, ಇಂಥವರ ಹಾಡುಗಳನ್ನು ಪಿಸುದನಿಯಲ್ಲಿ ಹಾಡಿ ಕೊಡುವ ಧೈರ್ಯ ಎಷ್ಟು ಜನರಿಗೆ ಇರುತ್ತದೆ ಹೇಳಿ?

ಇನ್ನೊಂದು ಸಂಗತಿ. ನೀವು ತಲೆ ಮೇಲೆ ಹೊತ್ತುಕೊಂಡಿರುವ 1984ರ 'ಬಾರ್ನ್ ಇನ್ ದಿ ಯುಎಸ್ಎ' ಹಾಡು ಮೊದಲು ಹುಟ್ಟಿದ್ದು ಆ ಕೋಣೆಯ ರೆಕಾರ್ಡಿಂಗ್‌ನಲ್ಲೇ. ಬರೀ ಗಿಟಾರ್ ಜೊತೆ ಹಾಡಿದ ಆ ಹಳೆಯ ರೂಪ 1998ರಲ್ಲಿ 'ಟ್ರ್ಯಾಕ್ಸ್' ಸಂಗ್ರಹದಲ್ಲಿ ಬಂತು. ಕೇಳಿದರೆ ಗೊತ್ತಾಗುತ್ತದೆ, ಅದು ವಿಯೆಟ್ನಾಂನಿಂದ ಮರಳಿ ಬಂದು ಕೆಲಸ ಸಿಗದೆ ಅಲೆಯುವ ಸೈನಿಕನ ಅಳಲು. ಡ್ರಮ್ಮಿನ ಅಬ್ಬರದಲ್ಲಿ ಅದನ್ನು ದೇಶದ ಜಯಘೋಷ ಅಂದುಕೊಂಡವರು ಲಕ್ಷಾಂತರ. 1984ರ ಚುನಾವಣೆಯಲ್ಲಿ ಸ್ವತಃ ಅಧ್ಯಕ್ಷ ರೊನಾಲ್ಡ್ ರೇಗನ್ ನ್ಯೂಜೆರ್ಸಿಯ ಹ್ಯಾಮಂಟನ್ ಊರಿನಲ್ಲಿ ಭಾಷಣ ಮಾಡುತ್ತಾ ಈ ಹುಡುಗನ ಹೆಸರು ಎತ್ತಿಕೊಂಡು ಹೊಗಳಿದರು. ಆಲ್ಬಂ ಕೋಟಿಗಟ್ಟಲೆ ಮಾರಾಟವಾಯಿತು, ಅದರಿಂದ ಏಳು ಹಾಡುಗಳು ಅಮೆರಿಕದ ಟಾಪ್ ಹತ್ತಕ್ಕೆ ಹೋದವು. ಆದರೆ ಹಾಡು ಹೇಳುತ್ತಿದ್ದ ಮಾತು ಎಷ್ಟು ಜನರ ಕಿವಿಗೆ ಬಿತ್ತು? ಅಂಥ ಅನುಭವ ಆದ ಮೇಲೆ ಒಬ್ಬ ಹಾಡುಗಾರ ದನಿ ತಗ್ಗಿಸಿದರೆ ಅದನ್ನು ಸೋಲು ಅಂತ ಕರೆಯುತ್ತೀರಾ? ನಾನು ಕರೆಯುವುದಿಲ್ಲ.

ಬೆಳಗಾವಿಯಲ್ಲಿ ಓದುವಾಗ ನಮಗೆಲ್ಲ ಈ ಹಾಡುಗಳು ಸಿಕ್ಕಿದ್ದೇ ಗೋವಾದ ಹುಡುಗರಿಂದ. ರಜೆ ಮುಗಿಸಿ ಬರುವಾಗ ಬ್ಯಾಗಿನಲ್ಲಿ ಕ್ಯಾಸೆಟ್ ತರುತ್ತಿದ್ದರು. ಒಂದರಿಂದ ಇನ್ನೊಂದಕ್ಕೆ ಕಾಪಿ ಮಾಡಿ, ಟೇಪ್ ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ಹಾಕಿ ತಿರುಗಿಸಿ ಕೇಳುತ್ತಿದ್ದೆವು. 1988ರ ಸೆಪ್ಟೆಂಬರ್ 30ರಂದು ಆಮ್ನೆಸ್ಟಿಯ ಮಾನವ ಹಕ್ಕುಗಳ ಪ್ರವಾಸದಲ್ಲಿ ಸ್ಟಿಂಗ್, ಪೀಟರ್ ಗೇಬ್ರಿಯಲ್, ಟ್ರೇಸಿ ಚಾಪ್ಮನ್ ಜೊತೆ ಅವನು ದಿಲ್ಲಿಯ ನೆಹರು ಸ್ಟೇಡಿಯಂನಲ್ಲಿ ಹಾಡಿದ. ಹೋಗಲು ನಮ್ಮ ಹತ್ತಿರ ರೊಕ್ಕ ಎಲ್ಲಿತ್ತು! ಮರುದಿನದ ಪೇಪರಿನಲ್ಲಿ ಸುದ್ದಿ ಹುಡುಕಿದ್ದೊಂದೇ ನೆನಪು. ಆಗಿನ ನಮ್ಮ ಇಪ್ಪತ್ತರ ವಯಸ್ಸಿಗೆ ಊರು ಬಿಟ್ಟು ಓಡಿಹೋಗುವ ಹಾಡುಗಳೇ ಬೇಕಾಗಿದ್ದವು, ನಿಜ. ನಾವು ಓಡಿದೆವು, ತಿರುಗಿ ಬಂದೆವು, ಸಂಸಾರ ಹೂಡಿದೆವು, ಅಪ್ಪ ಅವ್ವನ್ನ ಕಳಿಸಿಕೊಟ್ಟೆವು. ಅವನು ಮಾತ್ರ ಅಲ್ಲೇ ನಿಂತು ಅದೇ ಹಾಡು ಹಾಡುತ್ತಾ ಇರಬೇಕಾ?

ನಮ್ಮ ಬೆಳಗಾವಿ ಪಕ್ಕದ ಸುಳೇಭಾವಿಯನ್ನೇ ನೆನೆಯಿರಿ. 1924ರಲ್ಲಿ ಅಲ್ಲಿ ಹುಟ್ಟಿದ ಶಿವಪುತ್ರ ಎಂಬ ಹುಡುಗ ಗ್ರಾಮಫೋನ್ ತಟ್ಟೆ ಕೇಳಿ ದೊಡ್ಡ ದೊಡ್ಡ ಉಸ್ತಾದರ ಹಾಗೆ ಹಾಡಿ ಬೆರಗು ಹುಟ್ಟಿಸುತ್ತಿದ್ದ. ಚಿಕ್ಕ ವಯಸ್ಸಿನಲ್ಲೇ ಕುಮಾರ ಗಂಧರ್ವ ಅನಿಸಿಕೊಂಡ. ಆಮೇಲೆ ಕ್ಷಯ ರೋಗ. ಮಧ್ಯಪ್ರದೇಶದ ದೇವಾಸ್‌ನಲ್ಲಿ ವರ್ಷಗಟ್ಟಲೆ ಹಾಸಿಗೆ, ಹಾಡುವಂತಿಲ್ಲ. ಮಲಗಿದಲ್ಲೇ ಮಾಳವದ ಹೆಣ್ಣುಮಕ್ಕಳ ಹಾಡು ಕೇಳಿಸಿಕೊಂಡರು. ಎದ್ದು ಬಂದಾಗ ಕೆಲಸ ಮಾಡುತ್ತಿದ್ದುದು ಒಂದೇ ಶ್ವಾಸಕೋಶ. ಉದ್ದ ಉಸಿರಿನ ಜಾಗದಲ್ಲಿ ಚಿಕ್ಕ ಚಿಕ್ಕ ತುಣುಕು, ನಡುವೆ ಮೌನ, ಮತ್ತೆ ಥಟ್ಟನೆ ಮೇಲೇರುವ ಸ್ವರ. ಕಬೀರನ ನಿರ್ಗುಣ ಭಜನೆಗಳನ್ನು ಅವರು ಹಾಡಿದ್ದು ಆ ಗಂಟಲಿನಲ್ಲಿ. ಬಾಲಕನಾಗಿದ್ದಾಗ ಕೇಳಿದ್ದ ನಮ್ಮ ಓಣಿಯ ಹಿರಿಯರೊಬ್ಬರು ಕೊನೆತನಕ "ಮೊದಲಿನ ಕುಮಾರ ಇಲ್ಲ" ಅಂತಲೇ ಗೊಣಗುತ್ತಿದ್ದರು. ಮೊದಲಿನ ಕುಮಾರ ಇರಲಿಲ್ಲ, ಹೌದು. ಬಂದವರು ಅದಕ್ಕಿಂತ ದೊಡ್ಡವರು. ಪಾಪ, ಆ ಹಿರಿಯರು ಎದುರಿಗೆ ಇದ್ದದ್ದನ್ನು ಕೇಳಿಸಿಕೊಳ್ಳಲೇ ಇಲ್ಲ.

ನೀವೂ ಹಾಗೇ ಮಾಡುತ್ತಿದ್ದೀರಿ ಸರ್, ತಪ್ಪು ತಿಳಿಯಬೇಡಿ. 1987ರ 'ಟನಲ್ ಆಫ್ ಲವ್' ಕೇಳಿ. ಮದುವೆಯಾದ ಹೊಸತರಲ್ಲೇ ಸಂಬಂಧದೊಳಗೆ ಹುಟ್ಟುವ ಅನುಮಾನವನ್ನು ಅಷ್ಟು ಪ್ರಾಮಾಣಿಕವಾಗಿ ಹಾಡಿದ ಗಂಡಸು ರಾಕ್ ಸಂಗೀತದಲ್ಲಿ ನನಗೆ ಇನ್ನೊಬ್ಬ ಸಿಕ್ಕಿಲ್ಲ. 1995ರ 'ದಿ ಘೋಸ್ಟ್ ಆಫ್ ಟಾಮ್ ಜೋಡ್' ಹಾಡುಗಳಲ್ಲಿ ಗಡಿ ದಾಟಿ ಬರುವ ಕೂಲಿಯವರಿದ್ದಾರೆ. ಅದರ ಪ್ರವಾಸದಲ್ಲಿ ಒಬ್ಬನೇ ಗಿಟಾರ್ ಹಿಡಿದು ನಿಂತು, ಸದ್ದು ಮಾಡದೆ ಕೇಳಿ ಅಂತ ಜನರನ್ನು ಕೇಳಿಕೊಳ್ಳುತ್ತಿದ್ದ. ಬ್ಯಾಂಡ್ ಬಿಟ್ಟ ಅಂತೀರಿ. 1989ರಲ್ಲಿ ಬಿಟ್ಟ, 1999ರಲ್ಲಿ ಮತ್ತೆ ಕೂಡಿಸಿದ. 2001ರ ಸೆಪ್ಟೆಂಬರ್ ದಾಳಿಯ ಮರುವರ್ಷ ಅದೇ ಬ್ಯಾಂಡಿನೊಂದಿಗೆ 'ದಿ ರೈಸಿಂಗ್' ಬಂತು. ಮನೆಯಲ್ಲಿ ಎಲ್ಲ ಇದ್ದ ಹಾಗೇ ಇದೆ, ಮನುಷ್ಯ ಮಾತ್ರ ಬರುವುದಿಲ್ಲ, ಅಂಥ ಒಂದು ಹಾಡು ಅದರಲ್ಲಿದೆ. ಕೊರೊನಾ ವರ್ಷದಲ್ಲಿ, ಮನೆಮನೆಯಲ್ಲೂ ಒಂದೊಂದು ಸುದ್ದಿ ಬರುತ್ತಿದ್ದಾಗ, ನಾನು ಅದನ್ನು ಕೇಳಿದೆ. ಪೂರ್ತಿ ಕೇಳಲು ಆಗಲಿಲ್ಲ.

ಇನ್ನು 2020ರ 'ಲೆಟರ್ ಟು ಯು'. ಅವನಿಗೆ ಆಗ 71. ಹದಿಹರೆಯದಲ್ಲಿ ಸೇರಿದ್ದ ಹಳೆಯ ಬ್ಯಾಂಡಿನ ಗೆಳೆಯ ಜಾರ್ಜ್ ತೈಸ್ 2018ರಲ್ಲಿ ತೀರಿಕೊಂಡಾಗ, ಆ ಬ್ಯಾಂಡಿನಲ್ಲಿ ಉಳಿದವನು ತಾನೊಬ್ಬನೇ ಅಂತ ಅವನಿಗೆ ಹೊಳೆಯಿತು. ಈಗಿನ ಬ್ಯಾಂಡಿನಲ್ಲೂ ಕೀಬೋರ್ಡ್ ನುಡಿಸುತ್ತಿದ್ದ ಡ್ಯಾನಿ ಫೆಡರಿಸಿ 2008ರಲ್ಲೇ ಹೋಗಿದ್ದ, ಸ್ಯಾಕ್ಸೊಫೋನಿನ ಕ್ಲೆಮನ್ಸ್ 2011ರಲ್ಲಿ. ಈ ಬ್ಯಾಂಡಿನಲ್ಲಿ ಉಳಿದವರನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಐದಾರು ದಿನದಲ್ಲಿ ನೇರವಾಗಿ ನುಡಿಸಿ ಮುಗಿಸಿದ. ಮುಪ್ಪು, ಸಾವು ಅಂತ ಹಾಡುತ್ತಾನೆ ಅಂದಿರಲ್ಲ, ಮತ್ತೇನು ಹಾಡಬೇಕು? ಎಪ್ಪತ್ತೊಂದರ ಮನುಷ್ಯ ಕಾರು ಹತ್ತು, ಓಡಿಹೋಗೋಣ ಅಂತ ಹುಡುಗಿಯನ್ನು ಕರೆದರೆ ನೀವೇ ನಗುತ್ತಿರಲಿಲ್ವಾ?

ಈ ರೋಗ ಅಭಿಮಾನಿಗಳಿಗೆ ಮಾತ್ರ ಅಂಟಿದ್ದಲ್ಲ. ನಮ್ಮ ಜಾತ್ರೆಯ ಆರ್ಕೆಸ್ಟ್ರಾ ನೋಡಿ. ಪಾಪದ ಹುಡುಗ ತಾನೇ ಕಟ್ಟಿದ ಹೊಸ ಹಾಡು ಶುರು ಮಾಡಿದರೆ ಎರಡನೇ ಸಾಲಿಗೇ "ಹಳೇದು ಹಾಡೋ" ಅಂತ ಕೂಗು. ಕವಿಗೋಷ್ಠಿಯಲ್ಲಿ ಹಿರಿಯ ಕವಿಯನ್ನು ಕರೆಸಿ ನಲವತ್ತು ವರ್ಷದ ಹಿಂದಿನ ಪದ್ಯವನ್ನೇ ಓದಿಸಿ ಕಳಿಸುತ್ತೇವೆ, ನಿನ್ನೆ ಏನು ಬರೆದಿರಿ ಅಂತ ಒಬ್ಬರೂ ಕೇಳುವುದಿಲ್ಲ. ಗಣಪತಿ ಮೆರವಣಿಗೆಯಲ್ಲಿ ಎದೆ ನಡುಗಿಸುವ ಡಿಜೆ, ಮೊಬೈಲಿನಲ್ಲಿ ಅರ್ಧ ನಿಮಿಷದ ತುಂಡು. ಒಂದು ಆಲ್ಬಂ ಪೂರ್ತಿ ಕೇಳುವುದು ಹೋಗಲಿ, ಒಂದು ಹಾಡು ಕೊನೆಯವರೆಗೆ ಕೇಳುವುದೂ ಜಾಸ್ತಿಯಾಗಿದೆ. ಇದೇ ಜಿಲ್ಲೆಗಳಲ್ಲಿ ಹರದೇಶಿ–ನಾಗೇಶಿ ಮೇಳದವರು ಎದುರುಬದುರು ನಿಂತು ಬೆಳತನಕ ವಾದ ಹಾಡುತ್ತಿದ್ದರೆ ಜನ ಕಂಬಳಿ ಹೊದ್ದು ಕೂತು ಕೇಳುತ್ತಿದ್ದರು. ಹಾಡುವವಳಿಗೆ ವಯಸ್ಸಾದಷ್ಟೂ ಮಾತಿಗೆ ಮೊನೆ ಬರುತ್ತಿತ್ತು, ಅದಕ್ಕೇ ಹಿರಿಯ ಮೇಳಗಳಿಗೆ ಮರ್ಯಾದೆ ಹೆಚ್ಚಿತ್ತು.

ನನಗೆ ಇನ್ನೂ ಹೆಚ್ಚು ನೋವಾಗುವುದು ಬೇರೆ ಕಡೆ. ನೀವು ಚಿನ್ನ ಅಂದ 1978ರ ಆಲ್ಬಂನಲ್ಲಿ 'ಫ್ಯಾಕ್ಟರಿ' ಅಂತ ಒಂದು ಪುಟ್ಟ ಹಾಡಿದೆ. ಕಾರ್ಖಾನೆ ಅಪ್ಪನ ಕಿವಿ ಕಿತ್ತುಕೊಳ್ಳುತ್ತದೆ, ಅನ್ನವನ್ನೂ ಅದೇ ಕೊಡುತ್ತದೆ. ಪವರ್‌ಲೂಮ್ ಊರಿನಲ್ಲಿ ಬದುಕುವ ನಿಮಗೆ ಅದನ್ನು ವಿವರಿಸಬೇಕಾಗಿಲ್ಲ. 1984ರ ಆಲ್ಬಂನ ಕೊನೆಯ ಹಾಡು 'ಮೈ ಹೋಮ್‌ಟೌನ್'. ಜವಳಿ ಗಿರಣಿ ಮುಚ್ಚಿ, ಅಂಗಡಿ ಖಾಲಿಯಾಗಿ, ಗಂಡ ಹೆಂಡತಿ ರಾತ್ರಿ ಊರು ಬಿಡುವ ಮಾತಾಡುವ ಹಾಡು. ಅವನ ಊರು ಫ್ರೀಹೋಲ್ಡ್‌ನ ಜಮಖಾನೆ ಗಿರಣಿಯೂ ಹಾಗೇ ಮುಚ್ಚಿತ್ತು. ನಮ್ಮಲ್ಲಿ ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ಜನ ಗಂಟುಮೂಟೆ ಕಟ್ಟಿ ನವನಗರಕ್ಕೆ ಬಂದರು. ಗುಳೇದಗುಡ್ಡದಲ್ಲಿ ಖಣ ನೇಯುವ ಮಗ್ಗಗಳು ಒಂದೊಂದಾಗಿ ನಿಂತವು. ಕಬ್ಬು ಕಡಿಯುವವರು ವರ್ಷವರ್ಷ ಬರುತ್ತಾರೆ, ಹೋಗುತ್ತಾರೆ. ಇದನ್ನೆಲ್ಲ ಊರೂರಿಗೂ ಮುಟ್ಟುವ ಹಾಗೆ ಹಾಡಿದವರು ಯಾರು? ಗಂಟಲು ಇರುವ ಹುಡುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಒಂದು ಹಾಡು ಓಡಿದರೆ ಅಂಥದ್ದೇ ಇನ್ನೂ ಹತ್ತು ಮಾಡು ಅಂತ ಕೇಳುವ ನಾವು, ಅವರನ್ನು ಆ ಕಡೆ ತಿರುಗಲು ಬಿಟ್ಟರೆ ತಾನೆ?

ಸರ್, ನಿಮ್ಮಂಥ ಕೇಳುಗರ ಮೇಲೆ ನನಗೆ ಆಸೆ ಜಾಸ್ತಿ, ಅದಕ್ಕೇ ಇಷ್ಟು ಜಗಳ. ಇಷ್ಟು ವರ್ಷ ಒಬ್ಬನ ಹಿಂದೆ ಬಂದವರು ನೀವು, ಇನ್ನು ಸ್ವಲ್ಪ ದೂರ ಬನ್ನಿ. 'ನೆಬ್ರಾಸ್ಕಾ'ದಿಂದ ಶುರು ಮಾಡಿ 'ಲೆಟರ್ ಟು ಯು' ತನಕ, ವಾರಕ್ಕೊಂದು ಆಲ್ಬಂ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳಿ. ಸ್ಟುಡಿಯೋದಲ್ಲಿ ಬ್ಯಾಂಡಿನೊಂದಿಗೆ ಮಾಡಿ ಕೈಬಿಟ್ಟಿದ್ದ ಆ ಹಳೆಯ 'ನೆಬ್ರಾಸ್ಕಾ' ರೆಕಾರ್ಡಿಂಗ್‌ಗಳೂ 2025ರಲ್ಲಿ ಹೊರಬಂದಿವೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೂ 1984ಕ್ಕೇ ನಿಲ್ಲಿಸಬೇಕಿತ್ತು ಅನಿಸಿದರೆ ಬರೆಯಿರಿ, ಒಂದಕ್ಷರ ಕತ್ತರಿಸದೆ ಪ್ರಕಟಿಸುತ್ತೇನೆ.

— ಸಂ.