ಎಐ ಹಾಡಿದ ತೋಡಿ: ಗಮಕವನ್ನು ಅಳೆಯುವುದು ಹೇಗೆ?

ಎಐ ಸೃಷ್ಟಿಸಿದ ತೋಡಿ ರಾಗದ ಆಲಾಪನೆಯಲ್ಲಿ ಗಮಕ (ಸ್ವರದ ತೂಗಾಟ, ಜಾರು) ಸರಿಯಿಲ್ಲ ಅಂತ ಪ್ರಬಂಧದಲ್ಲಿ ತೋರಿಸುವುದು ಹೇಗೆ ಎಂದು ಕೇಳಿದ್ದೀರಿ. ಕಿವಿಯ ತೀರ್ಪೊಂದೇ ಸಾಲದು, ಶ್ರುತಿಯ ರೇಖೆ, ಅಂದರೆ ಸ್ವರ ಕ್ಷಣಕ್ಷಣಕ್ಕೂ ಹೇಗೆ ಏರಿಳಿಯುತ್ತದೆ ಎಂಬ ನಕ್ಷೆ, ತೆಗೆಯಿರಿ.

ಶ್ರುತಿ ಗುರುತಿಸುವ ತಂತ್ರಾಂಶದಿಂದ ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಧ್ವನಿಯ ಆವರ್ತನ ಪಡೆದು ಷಡ್ಜದ (ಆಧಾರ ಸ್ವರ ‘ಸ’) ಆವರ್ತನದಿಂದ ಭಾಗಿಸಿ. ಬಂದದ್ದರ ಲಾಗರಿದಮ್ಮನ್ನು (ಆಧಾರ 2) 1200ರಿಂದ ಗುಣಿಸಿದರೆ ಸೆಂಟ್ (ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದ ನೂರನೇ ಒಂದು ಭಾಗ) ಲೆಕ್ಕ ಸಿಗುತ್ತದೆ. ಷಡ್ಜವನ್ನು ತಂಬೂರಿ ಕೇಳಿ ನೀವೇ ಖಚಿತಪಡಿಸಿಕೊಳ್ಳಿ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಹೋಲಿಕೆಗೆ ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಕಾಂಪ್‌ಮ್ಯೂಸಿಕ್ ಯೋಜನೆಯಿಂದ ಬಂದ ‘ಸರಾಗ’ ಸಂಗ್ರಹ ಚೆನ್ನಾಗಿದೆ. ಅದರ ಹಲವು ಕರ್ನಾಟಕ ಸಂಗೀತ ಕಛೇರಿಗಳಲ್ಲಿ ಗಾಯಕರ ಮೈಕಿನ ಟ್ರ್ಯಾಕ್ ಬೇರೆಯಾಗಿಯೇ ಇದೆ, ಅದನ್ನೇ ಆರಿಸಿ. ಆದರೂ ಪಿಟೀಲಿನ ಸದ್ದು ಸೋರಿರುತ್ತದೆ, ಹಾಡುವವರು ಉಸಿರು ತೆಗೆದುಕೊಂಡಾಗ ತಂತ್ರಾಂಶ ಪಿಟೀಲನ್ನು ಹಿಂಬಾಲಿಸುತ್ತದೆ. ಧ್ವನಿಮಟ್ಟ ಇಳಿದ ಭಾಗಗಳನ್ನು ಕತ್ತರಿಸಿ.

ಈ ಸೆಂಟ್ ಲೆಕ್ಕಗಳ ಹಿಸ್ಟೋಗ್ರಾಮ್ (ಎಣಿಕೆಯ ಸ್ತಂಭನಕ್ಷೆ) ಒಂದನ್ನೇ ದಯವಿಟ್ಟು ನಂಬಬೇಡಿ. ಯಾವ ಸ್ಥಾನದಲ್ಲಿ ಎಷ್ಟು ಹೊತ್ತು ಎಂಬುದು ಅದರಲ್ಲಿದೆ, ಸ್ವರ ಸಾಗಿದ ದಾರಿ ಇಲ್ಲ. ತೋಡಿಯ ಗಾಂಧಾರ (‘ಗ’ ಸ್ವರ) ಇರುವುದೇ ಆ ತೂಗಾಟದಲ್ಲಿ! ಎಐ ಮತ್ತು ಗಾಯಕರು ಹಾಡಿದ ಆ ಸ್ವರದ 2–3 ಸೆಕೆಂಡಿನ ರೇಖೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಇನ್ನೊಂದು: ಎಐ ಮಾದರಿಗೆ ತರಬೇತಿ ಕೊಟ್ಟಿದ್ದು ಮಿಡಿ ಕಡತಗಳಿಂದಲೇ (ಧ್ವನಿಯ ಬದಲು ಸ್ವರಗಳ ಸಂಖ್ಯೆಗಳನ್ನು ಬರೆದಿಡುವ ಕಡತ)? ಸ್ವರವನ್ನು ಬಾಗಿಸುವ ‘ಪಿಚ್ ಬೆಂಡ್’ ಸೂಚನೆಗಳನ್ನು ಬಿಟ್ಟಿದ್ದರೆ ಅಲ್ಲಿ ಉಳಿಯುವುದು 100 ಸೆಂಟಿನ ಮೆಟ್ಟಿಲುಗಳು ಮಾತ್ರ. ಗಮಕ ಆಗಲೇ ಕಳೆದುಹೋಗಿರುತ್ತದೆ, ಮಾದರಿಯನ್ನು ದೂರುವ ಮೊದಲು ಇದನ್ನು ಪರಿಶೀಲಿಸಿ.