ಪ್ರಯೋಗಾಲಯದಲ್ಲಿ ಉಳಿದ ಬಣ್ಣಗಳನ್ನು ಸಿಂಕಿಗೆ ಸುರಿಯಬಹುದೇ?

ಬೆಂಗಳೂರಿನ ನಿಮ್ಮ ಕಾಲೇಜಿನಲ್ಲಿ ಉಳಿದ, ಡಿಎನ್‌ಎ ಗುರುತಿಸಲು ಬಳಸುವ ಎಥಿಡಿಯಂ ಬ್ರೋಮೈಡ್, ಬ್ಯಾಕ್ಟೀರಿಯಾಗಳಿಗೆ ಹಚ್ಚುವ ಕ್ರಿಸ್ಟಲ್ ವಯೊಲೆಟ್‌ಗಳಿಗೆ ನೀರು ಬೆರೆಸಿ ಸಿಂಕಿಗೆ ಬಿಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ನೀರು ಬೆರೆಸಿದರೆ ಬಣ್ಣ ತೆಳುವಾಗುತ್ತದೆಯೇ ಹೊರತು ವಿಷ ಮಾಯವಾಗುವುದಿಲ್ಲ. ನಗರದ ಒಳಚರಂಡಿ ನೀರಿನಲ್ಲಿ ಒಂದು ಪಾಲು ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಣೆಯಾಗಿ ಕೋಲಾರದ ಕೆರೆಗಳನ್ನು ಸೇರುತ್ತದೆ ಎಂಬುದೂ ನೆನಪಿರಲಿ.

ಎಥಿಡಿಯಂ ಬ್ರೋಮೈಡ್ ಡಿಎನ್‌ಎಯ ಏಣಿಯ ಮೆಟ್ಟಿಲಿನಂತಿರುವ ಪ್ರತ್ಯಾಮ್ಲ ಜೋಡಿಗಳ (ಬೇಸ್ ಪೇರ್) ನಡುವೆ ನುಸುಳಿ ಕೂರುತ್ತದೆ. ಡಿಎನ್‌ಎ ತುಣುಕುಗಳನ್ನು ಬೇರ್ಪಡಿಸುವ ಜೆಲ್‌ನಲ್ಲಿ ಅದು ಕಿತ್ತಳೆಯಾಗಿ ಹೊಳೆಯುವುದೂ, ನಮಗೆ ಅಪಾಯಕಾರಿಯಾಗುವುದೂ ಇದರಿಂದಲೇ. ಬ್ಲೀಚ್ ಸುರಿಯುವ ಹಳೆಯ ಚಾಳಿಯನ್ನು ಬಿಟ್ಟುಬಿಡಿ. ಬಣ್ಣ ಹೋದರೂ ಆಗ ಹುಟ್ಟುವ ಸಂಯುಕ್ತಗಳು ವಂಶವಾಹಿಗೆ ಹಾನಿ ಮಾಡಬಲ್ಲವು. ತೆಳು ದ್ರಾವಣಕ್ಕೆ ಸಕ್ರಿಯ ಇದ್ದಿಲು ಹಾಕಿ, ಆಗಾಗ ಕಲಕುತ್ತ ಬಿಟ್ಟು, ಸೋಸಿ. ಯುವಿ (ನೇರಳಾತೀತ) ದೀಪದಡಿ ಸೋಸಿದ ನೀರು ಇನ್ನೂ ಹೊಳೆದರೆ ಮತ್ತೊಮ್ಮೆ ಇದ್ದಿಲು ಹಾಕಿ. ದೀಪದ ಮುಂದೆ ರಕ್ಷಣಾ ಕನ್ನಡಕ ಇರಲೇಬೇಕು. ಬಳಸಿದ ಇದ್ದಿಲು, ಸೋಸುಕಾಗದ, ಜೆಲ್, ಕೈಗವಸು ಎಲ್ಲವೂ ಅಪಾಯಕಾರಿ ತ್ಯಾಜ್ಯವೇ.

ಕ್ರಿಸ್ಟಲ್ ವಯೊಲೆಟ್ ಹಚ್ಚಿ ಬ್ಯಾಕ್ಟೀರಿಯಾಗಳನ್ನು ಎರಡು ಗುಂಪಾಗಿ ಗುರುತಿಸುವ ಗ್ರಾಂ ಸ್ಟೇನಿಂಗ್‌ನಲ್ಲಿ ತೊಳೆದ ದ್ರವಕ್ಕೆ ಬೇರೆ ಡಬ್ಬಿ ಇಡಿ. ಅದರಲ್ಲಿ ಬೇಗ ಹೊತ್ತಿಕೊಳ್ಳುವ ಆಲ್ಕೋಹಾಲ್ ಅಥವಾ ಅಸಿಟೋನ್ ಇರುತ್ತದೆ. ಬ್ಲೀಚ್ ಬೆರೆತರೆ ಕ್ಲೋರೋಫಾರಂ ಉಂಟಾಗಬಹುದು. ಲೇಬಲ್ಲನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಒಂದು ಹನಿ ಆಲ್ಕೋಹಾಲ್ ಬಿದ್ದರೂ ಕದಡಿಹೋಗುತ್ತದೆ.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥದ್ದನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಕೊಡಬೇಕಾದದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ವಿಲೇವಾರಿ ಸಂಸ್ಥೆಗೆ. ಬೆಳಗ್ಗೆ ಬರುವ ಕಸದ ಆಟೊಗಲ್ಲ.