ಊಟ, ವಾಕಿಂಗ್‌ನಿಂದ ಶುಗರ್ ಹತೋಟಿಗೆ ಬಂದಿದೆ. ಇನ್ನು ಬಿಪಿ, ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಬಹುದಾ?

ನಿಲ್ಲಿಸಬೇಡಿ. ಕನಿಷ್ಠ ಡಾಕ್ಟರಿಗೆ ಹೇಳದೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಬೆಳಗಿನ ಶುಗರ್ 110ರ ಆಸುಪಾಸಿಗೆ ಇಳಿದಿದೆ, ಇನ್ನು ಹೃದಯದ ಚಿಂತೆ ಇಲ್ಲ ಅಲ್ವಾ ಅಂತ ಕೇಳಿದ್ದೀರಿ. ಹೆಚ್ಚು ಕಡಿಮೆ ಇದೇ ನಂಬರ್ ನೋಡಿ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ನನ್ನ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಇದೆ.

ಡಯಾಬಿಟಿಸ್ ಅಂತ ಗೊತ್ತಾದಾಗ ನನ್ನ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ರಕ್ತಪರೀಕ್ಷೆ, 9 ದಾಟಿತ್ತು. ಡಾಕ್ಟರು ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ಜೊತೆಗೆ ಬಿಪಿಗೊಂದು, ಕೊಲೆಸ್ಟ್ರಾಲ್‌ಗೊಂದು ಮಾತ್ರೆ ಬರೆದರು. ನನಗೆ ಹಠ ಬಂತು. ಸಕ್ಕರೆ ಬಿಟ್ಟೆ, ಅನ್ನ, ಬ್ರೆಡ್ಡು ಅರ್ಧಕ್ಕರ್ಧ ಇಳಿಸಿದೆ, ಬೆಳಗ್ಗೆ ಎದ್ದು ನಡೆದೆ. ತೂಕ ಇಳಿಯಿತು, ಶುಗರ್ ಕೂಡ ಇಳಿಯಿತು. ಗ್ಲೂಕೋಮೀಟರ್ ಜೊತೆ ಒಂದು ಚಿಕ್ಕ ಪುಸ್ತಕ ಕೊಟ್ಟಿದ್ದರು. ದಿನಾಂಕ, ಖಾಲಿ ಹೊಟ್ಟೆ, ಊಟದ ನಂತರ, ಬಿಪಿ, ತೂಕ ಅಂತ ಸಾಲಾಗಿ ಕಾಲಂಗಳು. ನಾನು ತುಂಬುತ್ತಿದ್ದದ್ದು ಖಾಲಿ ಹೊಟ್ಟೆಯ ಕಾಲಂ ಒಂದನ್ನೇ. ಯಾವ ಪುಟ ತೆಗೆದರೂ ಎಡಗಡೆ ನೀಲಿ ಶಾಯಿಯ ಅಂಕಿಗಳು, ಬಲಗಡೆ ಪೂರ್ತಿ ಬಿಳಿ.

ಆ ಖಾಲಿ ಕಾಲಂಗಳಲ್ಲೇ ನನ್ನ ತಪ್ಪು ಇತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆ ಓದಿದರೆ ನೀವೂ ಅದೇ ದಾರಿಯಲ್ಲಿದ್ದೀರಿ ಅನ್ನಿಸುತ್ತದೆ.

ಮೀಟರಿನಲ್ಲಿ ಏರದ ಆಹಾರವೆಲ್ಲ ಒಳ್ಳೆಯದು ಅಂದುಕೊಂಡೆ. ಅನ್ನ ಕಡಿಮೆ ಮಾಡಿದ ಜಾಗಕ್ಕೆ ಬೆಣ್ಣೆ, ಚೀಸು, ಕರಿದ ಮಾಂಸ, ಉಪ್ಪು ಹಚ್ಚಿದ ಬೀಜಗಳು ಬಂದವು. ಶುಗರ್ ನಿಜವಾಗಿಯೂ ಏರಲಿಲ್ಲ. ಆದರೆ ಗ್ಲೂಕೋಮೀಟರ್ ಗ್ಲೂಕೋಸನ್ನು ಮಾತ್ರ ಅಳೆಯುತ್ತದೆ. ಬೆಣ್ಣೆಯಂಥ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ, ರಕ್ತದಿಂದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಎಳೆದುಕೊಳ್ಳುವ ಲಿವರಿನ ಕೆಲಸ ನಿಧಾನವಾಗುತ್ತದೆ. ಆ ಎಲ್‌ಡಿಎಲ್ ರಕ್ತದಲ್ಲೇ ಉಳಿದು ರಕ್ತನಾಳದ ಗೋಡೆ ಸೇರುತ್ತದೆ. ಉಪ್ಪು ಬಿಪಿ ಏರಿಸುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಎಷ್ಟು ತಿನ್ನುತ್ತಿದ್ದೆ ಅಂತ ಯೋಚಿಸಿದವನೇ ಅಲ್ಲ. ಅದೇ ಹೊತ್ತಿಗೆ ಬಿಪಿ ಮಾತ್ರೆಯನ್ನೂ ಕೊಲೆಸ್ಟ್ರಾಲಿನ ಮಾತ್ರೆ ಸ್ಟ್ಯಾಟಿನ್ನನ್ನೂ ಬಿಟ್ಟೆ. ಒಂದು ಕಡೆ ಎಲ್‌ಡಿಎಲ್, ಬಿಪಿ ಎರಡನ್ನೂ ಏರಿಸುವ ಊಟ, ಇನ್ನೊಂದು ಕಡೆ ಅವೆರಡನ್ನೂ ತಡೆಯುತ್ತಿದ್ದ ಮಾತ್ರೆಗಳು ಬಂದ್. ಶುಗರ್ ಮಾತ್ರ ಚೆನ್ನಾಗಿತ್ತು, ಅದನ್ನೇ ನೋಡಿಕೊಂಡು ಖುಷಿಯಾಗಿದ್ದೆ.

ಆಮೇಲೆ ಮೆಟ್ಟಿಲು ಹತ್ತುವಾಗ ಉಸಿರು ಸಾಲದಾಯಿತು. ಎರಡನೇ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಕಂಬಿ ಹಿಡಿದು ನಿಲ್ಲಬೇಕಾಗುತ್ತಿತ್ತು. ಹಣೆ ತಣ್ಣಗೆ ಬೆವರುತ್ತಿತ್ತು. ಎದೆ ಮಾತ್ರ ನೋಯಲಿಲ್ಲ. ನೋವಿಲ್ಲ ಅಂದಮೇಲೆ ಹೃದಯದ್ದಲ್ಲ, ವಯಸ್ಸಾಯಿತು ಅಷ್ಟೇ ಅಂತ ಸುಮ್ನೆ ಇದ್ದೆ. ಡಯಾಬಿಟಿಸ್ ಇದ್ದವರಲ್ಲಿ ಹೃದಯದ ನೋವು ತಿಳಿಸುವ ನರಗಳೇ ಹಾಳಾಗಿರಬಹುದು, ಆಗ ರಕ್ತ ಸಾಲದಿದ್ದರೂ ಎದೆನೋವು ಬರದೇ ಹೋಗಬಹುದು ಅಂತ ಆಂಜಿಯೋಗ್ರಾಂ ಆದಮೇಲೆ ಡಾಕ್ಟರು ಹೇಳಿದರು. ದಯವಿಟ್ಟು ಇದನ್ನು ನೆನಪಿಡಿ: ಕಾರಣವಿಲ್ಲದ ಏದುಸಿರು, ಹಿಂದೆಂದೂ ಇಲ್ಲದ ಸುಸ್ತು, ತಣ್ಣನೆ ಬೆವರು, ದವಡೆ ಅಥವಾ ತೋಳಿನ ನೋವು ಕಂಡರೆ ಎದೆ ನೋಯಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಹಾಗಂತ ಊಟ, ವ್ಯಾಯಾಮದಿಂದ ಪ್ರಯೋಜನವಿಲ್ಲ ಅಂತ ನಾನು ಹೇಳುತ್ತಿಲ್ಲ. ಡಯಾಬಿಟಿಸ್‌ನ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆಸಿದ, 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ತೂಕ ಇಳಿಸುವುದು ಮತ್ತು ವಾರಕ್ಕೆ 150 ನಿಮಿಷದ ನಡಿಗೆ ಸೇರಿ ಡಯಾಬಿಟಿಸ್ ಬರುವ ಸಾಧ್ಯತೆಯನ್ನು ಶೇ. 58 ತಗ್ಗಿಸಿದವು. ಮೆಟ್‌ಫಾರ್ಮಿನ್ ತಗ್ಗಿಸಿದ್ದು ಶೇ. 31. ಆದರೆ ಕಾಯಿಲೆ ಬಂದಾದ ಮೇಲೆ ಹೃದಯದ ಲೆಕ್ಕ ಬೇರೆ. ಲುಕ್ ಅಹೆಡ್ ಅನ್ನುವ ಅಧ್ಯಯನದಲ್ಲಿ ಟೈಪ್ 2 ಡಯಾಬಿಟಿಸ್ ಇದ್ದ ಸಾವಿರಾರು ಜನ ವರ್ಷಗಟ್ಟಲೆ ಕಟ್ಟುನಿಟ್ಟಾಗಿ ಊಟ, ವ್ಯಾಯಾಮ ಮಾಡಿದರು. ತೂಕ ಇಳಿಯಿತು, ಶುಗರ್ ಸುಧಾರಿಸಿತು. ಹೃದಯಾಘಾತ, ಪಾರ್ಶ್ವವಾಯು ಮಾತ್ರ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಡೆನ್ಮಾರ್ಕಿನ ಸ್ಟೆನೋ-2 ಅಧ್ಯಯನ ಚಿಕ್ಕದು, 160 ಜನರದ್ದು. ಅಲ್ಲಿ ಊಟ, ವ್ಯಾಯಾಮ, ಸಿಗರೇಟು ಬಿಡಿಸುವುದರ ಜೊತೆಗೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ಮೂರಕ್ಕೂ ಔಷಧಿ ಕೊಟ್ಟು ಎಲ್ಲವನ್ನೂ ಒಟ್ಟಿಗೆ ಹತೋಟಿಗೆ ತಂದರು. ಹೃದಯ, ರಕ್ತನಾಳದ ತೊಂದರೆಗಳು ಸುಮಾರು ಅರ್ಧಕ್ಕೆ ಇಳಿದವು.

ಅದಕ್ಕೇ, ಮಾತ್ರೆಯಾ ಇಲ್ಲಾ ಊಟ-ವ್ಯಾಯಾಮವಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅವು ಒಂದಕ್ಕೊಂದು ಬದಲಿ ಅಲ್ಲ. ಮಾತ್ರೆ ತಗೊಂಡರೆ ಸೋತಂತೆ ಅನ್ನುವ ಭಾವನೆ ನಮ್ಮಲ್ಲಿ ಬಹಳ ಜನಕ್ಕಿದೆ, ನನಗೂ ಇತ್ತು. ಅದನ್ನು ಮೊದಲು ತಲೆಯಿಂದ ತೆಗೆಯಿರಿ.

ಈಗ ನಾನು ಏನು ಮಾಡುತ್ತೇನೆ ಅಂದರೆ, ತಟ್ಟೆಯ ಅರ್ಧ ತರಕಾರಿ. ಉಳಿದರ್ಧದಲ್ಲಿ ಒಂದು ಪಾಲು ಕಾಳು, ಮೀನು ಅಥವಾ ಮೊಟ್ಟೆ, ಇನ್ನೊಂದು ಪಾಲು ಧಾನ್ಯ. ತರಕಾರಿ, ಕಾಳು ಮೊದಲು ತಿಂದು ಧಾನ್ಯ ಕೊನೆಗೆ ತಿನ್ನುತ್ತೇನೆ. ಹಾಗೆ ತಿಂದರೆ ಶುಗರ್ ಒಮ್ಮೆಲೇ ಮೇಲೆ ಹಾರುವುದಿಲ್ಲ. ಹಣ್ಣು ಇಡಿಯಾಗಿ ತಿನ್ನುತ್ತೇನೆ, ರಸ ಕುಡಿಯುವುದಿಲ್ಲ. ಬೆಣ್ಣೆಯ ಬದಲು ಸಸ್ಯದ ಎಣ್ಣೆ, ಅದೂ ಅಳತೆಯಲ್ಲಿ. ಬೀಜಗಳು ಈಗಲೂ ಇವೆ, ಉಪ್ಪಿಲ್ಲದವು.

ನಡಿಗೆಯನ್ನು ಊಟದ ನಂತರಕ್ಕೆ ಬದಲಾಯಿಸಿಕೊಂಡೆ. ಹತ್ತು ಹದಿನೈದು ನಿಮಿಷವಾದರೂ ಸರಿ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತದೆ, ಹಾಗಾಗಿ ಊಟದ ನಂತರದ ಅಂಕಿ ಕಣ್ಣಿಗೆ ಕಾಣುವಂತೆ ಇಳಿಯುತ್ತದೆ. ವಾರಕ್ಕೆ ಎರಡು ಮೂರು ಸಲ ಭಾರ ಎತ್ತುವ ವ್ಯಾಯಾಮವನ್ನೂ ಸೇರಿಸಿಕೊಳ್ಳಿ. ಸ್ನಾಯು ಹೆಚ್ಚಿದಷ್ಟೂ ಗ್ಲೂಕೋಸಿಗೆ ಜಾಗ ಜಾಸ್ತಿ. ನಡುವೆ ಎರಡು ದಿನಕ್ಕಿಂತ ಜಾಸ್ತಿ ಬಿಡಬೇಡಿ, ವ್ಯಾಯಾಮದ ಗುಣ ಅಷ್ಟರಲ್ಲೇ ಕರಗುತ್ತಾ ಬರುತ್ತದೆ. ನನ್ನ ಹಾಗೆ ಏದುಸಿರು ಇದ್ದವರು ಮಾತ್ರ ಮೊದಲು ಹೃದಯದ ಪರೀಕ್ಷೆ ಮಾಡಿಸಿಕೊಂಡೇ ಶುರು ಮಾಡಬೇಕು.

ಇನ್ನು ಲೆಕ್ಕದ ವಿಷಯ. ಖಾಲಿ ಹೊಟ್ಟೆಯ ಶುಗರ್ ಆ ಬೆಳಗಿನದ್ದು ಮಾತ್ರ. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಬಹಳಷ್ಟು ಜನರಿಗೆ ಅದು 7ರೊಳಗೆ ಇರಬೇಕು. ಬಿಪಿ 130/80ರ ಕೆಳಗಿರಲಿ, ಮನೆಯಲ್ಲೇ ನೋಡಿ ಬರೆದಿಡಿ. ಎಲ್‌ಡಿಎಲ್ ಎಷ್ಟಿರಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು. ನನ್ನಂಥ ಸ್ಟೆಂಟ್ ಆದವರಿಗೆ 55ಕ್ಕಿಂತ ಕೆಳಗೆ ತರಲು ನೋಡುತ್ತಾರೆ. ನಿಮ್ಮದು ಎಷ್ಟಿರಬೇಕು ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಮಾತ್ರೆ ತಗೊಂಡೇ ಆ ಅಂಕಿ ಚೆನ್ನಾಗಿ ಬಂದಿದ್ದರೆ, ಮಾತ್ರೆ ಬಿಟ್ಟಾಗ ಅದು ವಾಪಸ್ ಏರುತ್ತದೆ. ವರ್ಷಕ್ಕೊಮ್ಮೆ ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಹೋಗುತ್ತಿದೆಯಾ ಅಂತಲೂ ನೋಡಿಸಿ. ಅದು ಕಿಡ್ನಿಯ ಜೊತೆಗೆ ಹೃದಯದ ಅಪಾಯವನ್ನೂ ತಿಳಿಸುತ್ತದೆ.

ಶುಗರಿಗೆ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ ಅಂತ ನೀವು ಬರೆದಿಲ್ಲ. ಮೆಟ್‌ಫಾರ್ಮಿನ್ ಒಂದೇ ಆದರೆ ಅಷ್ಟು ಭಯವಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ್ದು ಇದ್ದರೆ, ಊಟ ಇಳಿಸಿ ನಡಿಗೆ ಏರಿಸಿದಾಗ ಶುಗರ್ 70ಕ್ಕಿಂತ ಕೆಳಗೆ ಕುಸಿಯಬಹುದು. ಕೈ ನಡುಗಿದರೆ, ಬೆವರು ಬಂದು ತಲೆ ಮಂಕಾದರೆ ಸುಮಾರು 15 ಗ್ರಾಂ ಸಕ್ಕರೆ ತಗೊಂಡು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಇಳಿಸಬೇಕಾದ ಔಷಧಿ ನಿಮಗೆ ಇದ್ದರೆ ಅದು ಈ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ್ದೇ. ಈ ವಾರವೇ ಡಾಕ್ಟರ ಹತ್ತಿರ ಹೋಗಿ ಅದರ ಡೋಸ್ ಬಗ್ಗೆ ಮಾತಾಡಿ. ಹೋಗುವಾಗ ಬಿಪಿ ಬರೆದ ಪುಸ್ತಕವನ್ನೂ ತಗೊಂಡು ಹೋಗಿ.